ಡಿಶ್‌ವಾಷರ್ ಫಿಲ್ಟರ್ ಮನೆಯಲ್ಲೇ ಬದಲಾಯಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

2020ರ ಲಾಕ್‌ಡೌನ್‌ನಲ್ಲಿ ಮನೆಗೆಲಸದವರು ಬರುವಂತಿರಲಿಲ್ಲ. ಮುಸುರೆ ಪಾತ್ರೆ ಸಿಂಕ್‌ನಲ್ಲಿ ಗುಡ್ಡೆ ಬೀಳುತ್ತಿತ್ತು. ಆಗ ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ಒಬ್ಬರನ್ನು ನೋಡಿ ಒಬ್ಬರು ಡಿಶ್‌ವಾಷರ್ ತಂದರು. ನಾವೂ ತಂದೆವು. ಆ ಮಷೀನ್‌ಗಳಿಗೆಲ್ಲ ಈಗ ವಯಸ್ಸಾಗಿದೆ. ಮೋಟಾರ್ ಗಟ್ಟಿಯಾಗಿದ್ದರೂ ತಳದ ಫಿಲ್ಟರ್ ಸವೆದಿರುತ್ತದೆ. ನಾನು ನಮ್ಮನೆಯದನ್ನು ಎರಡು ಸಲ ಬದಲಾಯಿಸಿದ್ದು ಗೊತ್ತಾಗಿದ್ದೇ ತಡ, ಅಕ್ಕಪಕ್ಕದವರು ತಮ್ಮ ಫಿಲ್ಟರ್ ಅನ್ನು ಪೇಪರ್‌ನಲ್ಲಿ ಸುತ್ತಿಕೊಂಡು ಬರತೊಡಗಿದರು. "ಇದು ಹೋಗಿದೆಯಾ ನೋಡಿ" ಅಂತ. ಅವರು ಕೇಳಿದ ಪ್ರಶ್ನೆಗಳೇ ಇಲ್ಲಿರುವುದು.

ಐದು ವರ್ಷದಿಂದ ಮಷೀನ್ ಬಳಸುತ್ತಿದ್ದೇವೆ. ಫಿಲ್ಟರ್ ಅಂತ ಒಂದಿದೆ ಅನ್ನೋದೇ ಗೊತ್ತಿರಲಿಲ್ಲ. ಎಲ್ಲಿರುತ್ತೆ?

ನಾಚಿಕೊಳ್ಳಬೇಡಿ, ನೀವು ಒಬ್ಬರೇ ಅಲ್ಲ. ಬಾಗಿಲು ತೆಗೆದು ಕೆಳಗಿನ ಟ್ರೇಯನ್ನು ಪೂರ್ತಿ ಹೊರಗೆಳೆಯಿರಿ. ತಳದಲ್ಲಿ ರೆಕ್ಕೆಯ ಹಾಗೆ ತಿರುಗುವ ಒಂದು ಪಟ್ಟಿ ಇದೆಯಲ್ಲ, ಅದು ಸ್ಪ್ರೇ ಆರ್ಮ್. ಅದರ ಪಕ್ಕದಲ್ಲೋ ಕೆಳಗೋ, ಕಾಫಿ ಫಿಲ್ಟರ್‌ನ ಮೇಲಿನ ಡಬ್ಬಿಯಂಥ ಒಂದು ದುಂಡನೆಯ ಪ್ಲಾಸ್ಟಿಕ್ ಸಾಮಾನು ಕಾಣುತ್ತದೆ. ಮೇಲೆ ಹಿಡಿಯಲು ಚಿಕ್ಕ ಹಿಡಿಕೆ ಇರುತ್ತದೆ. ಅದೇ ಫಿಲ್ಟರ್.

ಹೆಚ್ಚಿನ ಮಷೀನ್‌ಗಳಲ್ಲಿ ಅದು ಮೂರು ತುಂಡು. ದೊಡ್ಡ ಚೂರುಗಳನ್ನು ಹಿಡಿಯುವ ಒರಟು ಜಾಲರಿ, ಅದರ ಕೆಳಗೆ ತೀರಾ ಸಣ್ಣ ಕಣ್ಣಿನ ಕೊಳವೆಯಂಥ ಜಾಲರಿ, ಇವೆರಡರ ಸುತ್ತ ತಟ್ಟೆಯ ಹಾಗೆ ಹರಡಿಕೊಂಡ ಚಪ್ಪಟೆ ಜಾಲರಿ. ಇವು ಕೂರುವ ಗುಂಡಿಗೆ ಸರ್ವೀಸ್‌ನವರು ಸಂಪ್ ಅನ್ನುತ್ತಾರೆ. ನಮ್ಮ ಪಕ್ಕದ ಮನೆ ಅಜ್ಜನಿಗೆ ಫೋನಿನಲ್ಲಿ "ಸಂಪ್ ಕ್ಲೀನ್ ಮಾಡಿಸಿ" ಅಂದಿದ್ದರಂತೆ. ಅವರು ಪಾಪ ಕೆಳಗಿಳಿದು ಅಪಾರ್ಟ್‌ಮೆಂಟಿನ ನೀರಿನ ಸಂಪ್ ನೋಡಿಕೊಂಡು ಬಂದರು.

ಇಷ್ಟು ಚಿಕ್ಕ ಜಾಲರಿಗೆ ಅಷ್ಟೊಂದು ಮಹತ್ವ ಯಾಕೆ?

ಡಿಶ್‌ವಾಷರ್ ಒಳಗೆ ನಲ್ಲಿ ಬಿಟ್ಟ ಹಾಗೆ ಹೊಸ ನೀರು ಬರುತ್ತಲೇ ಇರುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಮಷೀನ್ ಪ್ರತಿ ಸುತ್ತಿಗೆ ಕೆಲವೇ ಲೀಟರ್ ನೀರು ತುಂಬಿಕೊಳ್ಳುತ್ತದೆ. ಪಂಪ್ ಅದನ್ನು ತಳದಿಂದ ಎಳೆದು ಸ್ಪ್ರೇ ಆರ್ಮ್‌ನ ತೂತುಗಳಿಂದ ಮೇಲಕ್ಕೆ ಚಿಮ್ಮಿಸುತ್ತದೆ. ಪಾತ್ರೆಗೆ ಬಡಿದು ಕೆಳಗೆ ಬಿದ್ದ ನೀರನ್ನೇ ಮತ್ತೆ ಎಳೆದು ಮತ್ತೆ ಚಿಮ್ಮಿಸುತ್ತದೆ. ಸಾರಿನ ತಟ್ಟೆ ತೊಳೆದ ನೀರೇ ಹಾಲಿನ ಲೋಟಕ್ಕೂ ಬೀಳುವುದು. ನಡುವೆ ಅದನ್ನು ಸೋಸುವುದು ಈ ಫಿಲ್ಟರ್ ಒಂದೇ.

ಅಮೆರಿಕದ ಜೋಸೆಫಿನ್ ಕಾಕ್ರೇನ್ ತಮ್ಮ ಪಾತ್ರೆ ತೊಳೆಯುವ ಯಂತ್ರಕ್ಕೆ 1886ರಲ್ಲಿ ಪೇಟೆಂಟ್ ಪಡೆದಾಗಲೂ ಉಪಾಯ ಇದೇ ಆಗಿತ್ತು. ಉಜ್ಜುವ ಬದಲು, ತಂತಿಯ ಗೂಡಿನಲ್ಲಿಟ್ಟ ಪಾತ್ರೆಗೆ ನೀರನ್ನು ರಭಸವಾಗಿ ಹಾಯಿಸುವುದು. ಈಗಲೂ ಕೆಲಸ ಮಾಡುವುದು ಆ ರಭಸವೇ. ಜಾಲರಿ ಕಟ್ಟಿಕೊಂಡರೆ ರಭಸ ಹೋಗುತ್ತದೆ. ಜಾಲರಿ ಹರಿದರೆ ಎಂಜಲು ನೀರಿನ ಜೊತೆ ಪಂಪ್ ಕಡೆ ಹೋಗುತ್ತದೆ.

ನಮ್ಮ ಫಿಲ್ಟರ್ ಕಪ್ಪಾಗಿ, ಲೋಳೆ ಲೋಳೆಯಾಗಿದೆ. ಹೊಸದು ತರಲಾ?

ತಡೀರಿ. ನನ್ನ ಹತ್ತಿರ ಬರುವ ಫಿಲ್ಟರ್‌ಗಳಲ್ಲಿ ಜಾಸ್ತಿ ಪಾಲು ಬರೀ ಕೊಳೆಯಾಗಿರುತ್ತವೆ, ಹಾಳಾಗಿರುವುದಿಲ್ಲ. ತೊಳೆಯದೆ ತೀರ್ಮಾನ ಮಾಡಬೇಡಿ.

ಒಂದು ಟಬ್‌ನಲ್ಲಿ ಬಿಸಿನೀರು ಹಾಕಿ. ಕುದಿಯುವ ನೀರು ಬೇಡ, ಕೈ ಇಡುವಷ್ಟು ಬಿಸಿ ಸಾಕು. ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬಿಟ್ಟು ಫಿಲ್ಟರ್ ಅನ್ನು ಅರ್ಧ ಗಂಟೆ ಮುಳುಗಿಸಿಡಿ. ಆಮೇಲೆ ಹಳೆ ಟೂತ್‌ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ಒಳಗೂ ಹೊರಗೂ ನೀರು ಬಿಟ್ಟರೆ ಕಣ್ಣುಗಳಲ್ಲಿ ಸಿಕ್ಕಿಕೊಂಡದ್ದು, ಒಳಗಡೆ ಅಂಟಿದ್ದು ಎರಡೂ ಸಡಿಲವಾಗುತ್ತವೆ. ಸ್ಟೀಲ್ ಜುಂಗು ಮಾತ್ರ ಹತ್ತಿರ ತರಬೇಡಿ. ಜಾಲರಿ ಹರಿಯುವುದು ಎಷ್ಟೋ ಸಲ ಹಾಗೆಯೇ.

ಜಿಡ್ಡು ಹೋದ ಮೇಲೂ ಬಿಳಿ ಗಾರೆಯಂಥ ಪದರ ಉಳಿದಿದ್ದರೆ ಅದು ಗಡಸು ನೀರಿನ ಉಪ್ಪು. ಬಿಸಿನೀರಿಗೆ ಒಂದು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಹಾಕಿ ನೆನೆಸಿ. ಗುಳ್ಳೆ ಎದ್ದು ಪದರ ಬಿಡುತ್ತದೆ. ಪ್ಲಾಸ್ಟಿಕ್ ಅರಿಶಿನದ ಬಣ್ಣಕ್ಕೆ ತಿರುಗಿದ್ದರೆ ಅದು ಅರಿಶಿನವೇ. ಸುಲಭಕ್ಕೆ ಹೋಗುವುದಿಲ್ಲ, ತೊಂದರೆಯೂ ಇಲ್ಲ.

ಸವೆದಿದೆ ಅನ್ನೋದು ಹಾಗಾದರೆ ಹೇಗೆ ಗೊತ್ತಾಗುತ್ತೆ?

ತೊಳೆದು ಒರೆಸಿದ ಫಿಲ್ಟರ್ ಅನ್ನು ಕಿಟಕಿಗೆ ಎದುರು ಹಿಡಿದು ಮೆಲ್ಲಗೆ ತಿರುಗಿಸಿ. ಸರಿಯಾಗಿರುವ ಜಾಲರಿಯಲ್ಲಿ ಬೆಳಕು ತೆಳು ಬಟ್ಟೆಯಲ್ಲಿ ಬಂದ ಹಾಗೆ ಒಂದೇ ಸಮ ಕಾಣುತ್ತದೆ. ನಮ್ಮ ಮೊದಲ ಫಿಲ್ಟರ್ ತಿರುಗಿಸುತ್ತಿದ್ದಾಗ ಒಂದು ಕಡೆ ಮಾತ್ರ ಚುಕ್ಕಿ ಹೊಳೆಯಿತು. ಜಾಲರಿ ಪ್ಲಾಸ್ಟಿಕ್ ಕಡ್ಡಿಗೆ ಅಂಟಿಕೊಳ್ಳುವ ಅಂಚು ಅದು. ಉಗುರಿನಿಂದ ಒತ್ತಿದರೆ ಹೊಲಿಗೆ ಬಿಚ್ಚಿದ ಜೇಬಿನ ಹಾಗೆ ಬಾಯಿ ತೆರೆಯಿತು. ಕೈಯಲ್ಲಿ ಹಿಡಿದು ಸುಮ್ನೆ ನೋಡಿದಾಗ ಅದು ಕಂಡೇ ಇರಲಿಲ್ಲ.

ಹರಿಯುವುದು ಸಾಮಾನ್ಯವಾಗಿ ಅಂಥ ಅಂಚಿನಲ್ಲೇ. ನಡು ಜಾಲರಿಯಲ್ಲಿ ತೂತು ಬಿದ್ದಿದ್ದರೆ ಗಾಜಿನ ಚೂರೋ, ಯಾರೋ ಚಾಕುವಿನಿಂದ ಕೆರೆದದ್ದೋ ಕಾರಣ ಇರುತ್ತದೆ. ಚಪ್ಪಟೆ ಜಾಲರಿಯನ್ನು ಟೇಬಲ್ ಮೇಲಿಟ್ಟು ನೋಡಿ, ಸೊಟ್ಟಗಾಗಿದ್ದರೆ ಆಡುತ್ತದೆ. ದುಂಡನೆಯ ಭಾಗದ ಅಂಚಿನಲ್ಲಿ ಲಾಕ್ ಆಗುವ ಚಿಕ್ಕ ಹಲ್ಲುಗಳಿವೆ. ಅವುಗಳಲ್ಲಿ ಒಂದು ಮುರಿದಿದ್ದರೂ ಜಾಲರಿ ಎಷ್ಟು ಚೆನ್ನಾಗಿದ್ದರೂ ಲೆಕ್ಕಕ್ಕಿಲ್ಲ, ಫಿಲ್ಟರ್ ನಿಲ್ಲುವುದಿಲ್ಲ. ಕೆಲವು ಮಾಡೆಲ್‌ಗಳಲ್ಲಿ ರಬ್ಬರ್ ಉಂಗುರ ಇರುತ್ತದೆ, ಅದು ಬಿರುಕು ಬಿಟ್ಟಿದೆಯಾ ಅಂತಲೂ ನೋಡಿ.

ಪಾತ್ರೆಗಳೂ ಸುಳಿವು ಕೊಡುತ್ತವೆ. ತೊಳೆದು ಮುಗಿದ ಲೋಟದ ಒಳಗೆ ಮರಳಿನಂಥ ಸಣ್ಣ ಪುಡಿ ಕೂತಿದ್ದರೆ ಫಿಲ್ಟರ್ ಕಡೆ ಅನುಮಾನ ಇಟ್ಟುಕೊಳ್ಳಿ.

ತೂತು ಸಾಸಿವೆ ಕಾಳಷ್ಟೂ ಇಲ್ಲ. ಹೊಸದು ಬರೋವರೆಗೆ ಹಾಗೇ ನಡೆಸಬಹುದಾ?

ನಾನೂ ಹಾಗೇ ಅಂದುಕೊಂಡು ಎರಡು ವಾರ ನಡೆಸಿದೆ. ಮೊದಲ ವಾರ ಏನೂ ಗೊತ್ತಾಗಲಿಲ್ಲ. ಎರಡನೇ ವಾರ ಮೇಲಿನ ಟ್ರೇಯ ಲೋಟಗಳಲ್ಲಿ ಹಾಲಿನ ಗುರುತು ಹಾಗೇ ಉಳಿಯತೊಡಗಿತು. ಡಿಟರ್ಜೆಂಟ್ ಬದಲಾಯಿಸಿದೆ, ಬಿಸಿ ಜಾಸ್ತಿ ಇರುವ ಪ್ರೋಗ್ರಾಂ ಹಾಕಿದೆ. ಊಹೂಂ. ಕೊನೆಗೆ ಸ್ಪ್ರೇ ಆರ್ಮ್ ಬಿಚ್ಚಿ ಅಲ್ಲಾಡಿಸಿದರೆ ಮಗುವಿನ ಗಿಲಕಿ ಥರ ಸದ್ದು! ಸಿಂಕ್ ಮೇಲೆ ತಲೆಕೆಳಗು ಮಾಡಿ ಕೊಡವಿದೆ. ಸಾಸಿವೆ, ಕರಿಬೇವಿನ ಕಡ್ಡಿ, ಉಬ್ಬಿದ ಒಂದು ಅಗುಳು ಉದುರಿದವು. ಆ ಚಿಕ್ಕ ತೂತಿನಲ್ಲಿ ಅಗುಳು ಹೇಗೆ ತೂರಿತು ಅಂತ ನನಗೆ ಈಗಲೂ ಆಶ್ಚರ್ಯ. ನೀರಿನ ಒತ್ತಡಕ್ಕೆ ತೂತು ಬಾಯಿ ಬಿಡುತ್ತದೆ ಅಂತ ಕಾಣುತ್ತದೆ.

ಆರ್ಮ್ ಆದರೆ ಟೂತ್‌ಪಿಕ್‌ನಿಂದ ಒಂದೊಂದೇ ತೂತು ಬಿಡಿಸಿ ಸರಿ ಮಾಡಬಹುದು. ಗಟ್ಟಿ ಚೂರು ಪಂಪ್‌ನ ಒಳಗಿನ ಚಕ್ರಕ್ಕೆ ಸಿಕ್ಕರೆ ಖರ್ಚಿನ ದಾರಿಯೇ ಬೇರೆ. ಹೊಸದು ಬರುವವರೆಗೆ ಪಾತ್ರೆ ಕೈಯಲ್ಲೇ ತೊಳೆಯಿರಿ. ಫಿಲ್ಟರ್ ಪೂರ್ತಿ ತೆಗೆದು ಓಡಿಸುವುದಂತೂ ಬೇಡವೇ ಬೇಡ.

ಫೆವಿಕ್ವಿಕ್ ಹಾಕಿ ಅಂಟಿಸಿದರೆ? ಎಂ-ಸೀಲ್?

ಬೇಡ. ಒಳಗೆ ಬಿಸಿನೀರು, ಕಡು ಕ್ಷಾರದ ಡಿಟರ್ಜೆಂಟ್, ಎರಡೂ ಸೇರಿ ಅಂಟನ್ನು ಬಿಡಿಸುತ್ತವೆ. ಬಿಟ್ಟುಬಂದ ಅಂಟಿನ ಚೂರು ಇನ್ನೊಂದು ಕಸ. ಆ ಅಂಟು ಸೇರಿದ ನೀರೇ ನಿಮ್ಮ ಊಟದ ತಟ್ಟೆ ತೊಳೆಯುತ್ತದೆ ಅನ್ನುವುದನ್ನೂ ಯೋಚಿಸಿ.

ಸರಿಯಾದ ಫಿಲ್ಟರ್ ಹುಡುಕೋದು ಹೇಗೆ? ಆನ್‌ಲೈನ್‌ನಲ್ಲಿ ಎಲ್ಲಾ ಒಂದೇ ಥರ ಕಾಣುತ್ತವೆ.

ಇಡೀ ಕೆಲಸದಲ್ಲಿ ಕಷ್ಟ ಇದೊಂದೇ. ಬದಲಾಯಿಸಲು ಐದು ನಿಮಿಷ ಸಾಕು, ಸರಿಯಾದದ್ದನ್ನು ತರಿಸಲು ನನಗೆ ಮೊದಲ ಸಲ ಒಂದು ತಿಂಗಳು ಹಿಡಿಯಿತು.

ತಪ್ಪು ಮಾಡಿದ್ದು ನಾನೇ. ಬಿಲ್ ನೋಡಿ "13 ಪ್ಲೇಸ್ ಸೆಟ್ಟಿಂಗ್ ಮಷೀನ್‌ನ ಫಿಲ್ಟರ್" ಅಂತ ಹುಡುಕಿದೆ. ಒಬ್ಬ ಮಾರಾಟಗಾರ ಎಲ್ಲ ಮಾಡೆಲ್‌ಗೂ ಆಗುತ್ತದೆ ಅಂತ ಬರೆದಿದ್ದ. ಬಂತು. ಫೋಟೋದಲ್ಲಿದ್ದ ಹಾಗೇ ಇತ್ತು. ಗುಂಡಿಗೆ ಇಳಿಯಿತು ಕೂಡ. ಆದರೆ ತಿರುಗಿಸಿದರೆ ಲಾಕ್ ಆಗಲಿಲ್ಲ, ಸುತ್ತುತ್ತಲೇ ಇತ್ತು. ಹಳೆಯದರ ಪಕ್ಕ ಇಟ್ಟು ಅಳತೆಪಟ್ಟಿ ಹಿಡಿದು ನೋಡಿದೆ. ಒಂದೆರಡು ಮಿಲಿಮೀಟರ್ ವ್ಯತ್ಯಾಸ, ಅಷ್ಟೇ. ಅಷ್ಟಕ್ಕೇ ಅದು ಕೆಲಸಕ್ಕೆ ಬಾರದ ಸಾಮಾನಾಯಿತು.

ಪ್ಲೇಸ್ ಸೆಟ್ಟಿಂಗ್ ಅನ್ನುವುದು ಎಷ್ಟು ಪಾತ್ರೆ ಹಿಡಿಸುತ್ತದೆ ಅನ್ನುವ ಲೆಕ್ಕ ಮಾತ್ರ. ನಿಮಗೆ ಬೇಕಾದದ್ದು ಪೂರ್ತಿ ಮಾಡೆಲ್ ನಂಬರ್. ಬಾಗಿಲು ತೆರೆದು ಅದರ ಅಂಚನ್ನು ನೋಡಿ. ಮೇಲ್ಗಡೆಯೋ ಪಕ್ಕದಲ್ಲೋ ಒಂದು ಸ್ಟಿಕ್ಕರ್ ಇರುತ್ತದೆ. ಬಾಷ್ ಮಷೀನ್ ಆದರೆ ಅದರಲ್ಲಿ ಇ-ಎನ್‌ಆರ್ ಅಂತ ಒಂದು ನಂಬರ್, ಎಫ್‌ಡಿ ಅಂತ ಇನ್ನೊಂದು ನಂಬರ್ ಇರುತ್ತದೆ. ಇ-ಎನ್‌ಆರ್‌ನಲ್ಲಿ ಅಡ್ಡಗೆರೆಯ ನಂತರ ಬರುವ ಎರಡು ಅಂಕಿಯನ್ನೂ ಬಿಡದೆ ಬರೆದುಕೊಳ್ಳಿ. ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಬೇರೆ ಕಂಪನಿಗಳದ್ದಕ್ಕೂ ಅದೇ ಥರದ ಸ್ಟಿಕ್ಕರ್‌ನಲ್ಲಿ ಮಾಡೆಲ್ ಮತ್ತು ಸೀರಿಯಲ್ ನಂಬರ್ ಇರುತ್ತದೆ. ಅದನ್ನು ಕಂಪನಿಯ ಸರ್ವೀಸ್ ಸೆಂಟರ್‌ಗೆ ಹೇಳಿದರೆ ಪಾರ್ಟ್ ನಂಬರ್ ಕೊಡುತ್ತಾರೆ. ಆ ಪಾರ್ಟ್ ನಂಬರ್ ಇಟ್ಟುಕೊಂಡು ಎಲ್ಲಿ ಬೇಕಾದರೂ ಕೊಳ್ಳಿ.

ಇನ್ನೊಂದು ವಿಷಯ. ಯಾವ ತುಂಡು ಹಾಳಾಗಿದೆ ಅಂತ ನೋಡಿಕೊಂಡು ಆರ್ಡರ್ ಮಾಡಿ. ಕೆಲವು ಮಾಡೆಲ್‌ಗಳಲ್ಲಿ ದುಂಡನೆಯದು ಬೇರೆ, ಚಪ್ಪಟೆಯದು ಬೇರೆ ಸಿಗುತ್ತವೆ. ಕೆಲವದರಲ್ಲಿ ಸೆಟ್ ಮಾತ್ರ. ಚಪ್ಪಟೆಯದು ಚೆನ್ನಾಗಿದ್ದರೆ ಅದಕ್ಕೆ ಯಾಕೆ ದುಡ್ಡು ಹಾಕಬೇಕು, ಅಲ್ವಾ?

ಕಂಪನಿಯದ್ದೇ ಆಗಬೇಕಾ? ಲೋಕಲ್ ಅರ್ಧ ಬೆಲೆಗೆ ಸಿಗುತ್ತೆ.

ಪಾತ್ರೆ ಇಡುವ ಟ್ರೇಯ ಚಕ್ರ, ಚಮಚದ ಬುಟ್ಟಿ, ಇಂಥವನ್ನು ನಾನು ಲೋಕಲ್ ತಂದಿದ್ದೇನೆ, ತೊಂದರೆಯಿಲ್ಲ. ಫಿಲ್ಟರ್ ಮಾತ್ರ ಕಂಪನಿಯದ್ದು ಅನ್ನುವುದು ನನ್ನ ಅಭಿಪ್ರಾಯ. ಜಾಲರಿಯ ಕಣ್ಣು ಎಷ್ಟು ಸಣ್ಣ ಅನ್ನುವುದು ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ. ಲಾಕ್ ಆಗುವ ಹಲ್ಲುಗಳ ಅಳತೆಯೂ ಅಷ್ಟೇ. ಮೇಲೆ ಹೇಳಿದ ಒಂದೆರಡು ಮಿಲಿಮೀಟರ್ ಕತೆ ನೆನಪಿದೆಯಲ್ಲ.

ಸರಿ, ಹೊಸದು ಬಂತು. ಬದಲಾಯಿಸೋದು ಹೇಗೆ?

ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತುಬಿಡಿ. ನೀರಿನ ನಲ್ಲಿಯನ್ನೂ ನಿಲ್ಲಿಸಿ. ಈಗಷ್ಟೇ ತೊಳೆದು ಮುಗಿದಿದ್ದರೆ ತಣ್ಣಗಾಗಲು ಬಿಡಿ. ಬಾಷ್‌ನ ಇಂಟೆನ್ಸಿವ್ ಕಡಾಯಿಯಂಥ ಪ್ರೋಗ್ರಾಂನಲ್ಲಿ ನೀರು 70 ಡಿಗ್ರಿಗೆ ಹೋಗುತ್ತದೆ, ತಳದಲ್ಲಿ ಉಳಿದ ನೀರು ಕೈ ಸುಡಬಹುದು.

ಕೆಳಗಿನ ಟ್ರೇ ಹೊರಗೆ ತೆಗೆದಿಡಿ. ಬಿಚ್ಚುವ ಮೊದಲು ಫಿಲ್ಟರ್ ಈಗ ಹೇಗೆ ಕೂತಿದೆ, ಬಾಣದ ಗುರುತು ಎಲ್ಲಿದೆ ಅಂತ ಒಂದು ಫೋಟೋ ತೆಗೆಯಿರಿ. ಆಮೇಲೆ ಇದೇ ಫೋಟೋ ನಿಮ್ಮನ್ನು ಕಾಪಾಡುತ್ತದೆ.

ದುಂಡನೆಯ ಭಾಗದ ಹಿಡಿಕೆ ಹಿಡಿದು, ಬಾಟಲಿಯ ಮುಚ್ಚಳ ತೆಗೆಯುವ ಹಾಗೆ ಎಡಕ್ಕೆ ತಿರುಗಿಸಿ ನೇರ ಮೇಲಕ್ಕೆ ಎತ್ತಿ. ಓರೆಯಾಗಿ ಎಳೆದರೆ ಮೇಲಿದ್ದ ಎಂಜಲೆಲ್ಲ ಗುಂಡಿಗೆ ಬೀಳುತ್ತದೆ. ನಂತರ ಚಪ್ಪಟೆ ಜಾಲರಿ ಎತ್ತಿಕೊಳ್ಳಿ. ಕೆಲವು ಮಾಡೆಲ್‌ಗಳಲ್ಲಿ ಎರಡೂ ಒಟ್ಟಿಗೇ ಬರುತ್ತವೆ.

ಈಗ ಗುಂಡಿ ಖಾಲಿ ಕಾಣುತ್ತದೆ. ಬರಿಗೈ ಹಾಕಲು ಹೋಗಬೇಡಿ! ಒಡೆದ ಲೋಟದ ಗಾಜು ಕೊನೆಗೆ ಬಂದು ಸೇರುವುದು ಅಲ್ಲಿಯೇ. ಕಲಕಿದ ನೀರಿನಲ್ಲಿ ಅದು ಕಾಣುವುದೂ ಇಲ್ಲ. ರಬ್ಬರ್ ಗ್ಲೌಸ್ ಹಾಕಿ, ಸ್ಪಂಜಿನಿಂದ ನೀರು ಹೀರಿಸಿ ತೆಗೆಯಿರಿ. ಟಾರ್ಚ್ ಬಿಟ್ಟು ನೋಡಿ. ನಮ್ಮನೆಯ ಗುಂಡಿಯಲ್ಲಿ ಸಿಕ್ಕ ಸಾಮಾನು: ನಿಂಬೆ ಬೀಜ ನಾಲ್ಕು, ಜಾಮ್ ಬಾಟಲಿಯ ಲೇಬಲ್ ಚೂರು, ಹುಣಸೆ ನಾರು, ಒಂದು ಸೇಫ್ಟಿ ಪಿನ್. ಪಿನ್ ಯಾರದು ಅಂತ ಯಾರೂ ಒಪ್ಪಿಕೊಂಡಿಲ್ಲ.

ಫಿಲ್ಟರ್ ಕೂರುವ ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸಿ. ಅಲ್ಲಿ ಒಂದು ಅಗುಳು ಇದ್ದರೂ ಹೊಸದು ಓರೆಯಾಗುತ್ತದೆ. ಹೊಸ ಫಿಲ್ಟರ್ ಅನ್ನು ಒಮ್ಮೆ ನೀರಿನಲ್ಲಿ ತೊಳೆದು, ಬಿಚ್ಚಿದ ಕ್ರಮದ ಉಲ್ಟಾ ಕ್ರಮದಲ್ಲಿ ಕೂರಿಸಿ. ಚಪ್ಪಟೆಯದು ಮೊದಲು, ದುಂಡನೆಯದು ಆಮೇಲೆ. ಬಲಕ್ಕೆ ತಿರುಗಿಸಿದರೆ ಲಾಕ್ ಆಗುತ್ತದೆ.

ಸರಿಯಾಗಿ ಕೂತಿದೆ ಅಂತ ಖಾತ್ರಿ ಹೇಗೆ?

ಹೊಸ ಫಿಲ್ಟರ್ ಹಾಕಿದರೂ ಪಾತ್ರೆ ಸರಿಯಾಗುತ್ತಿಲ್ಲ ಅಂತ ಬರುವವರ ಮನೆಗೆ ಹೋಗಿ ನೋಡಿದರೆ, ಬಹುತೇಕ ಸಲ ಅದು ಲಾಕ್ ಆಗಿರುವುದೇ ಇಲ್ಲ. ಸುಮ್ನೆ ಗುಂಡಿಯಲ್ಲಿ ಇಳಿಬಿಟ್ಟಿರುತ್ತಾರೆ. ಹರಿದ ಫಿಲ್ಟರ್ ಲಾಕ್ ಆಗಿರುವುದಕ್ಕಿಂತ ಹೊಸ ಫಿಲ್ಟರ್ ಲಾಕ್ ಆಗದೆ ಇರುವುದೇ ಹೆಚ್ಚು ಕೆಟ್ಟದ್ದು. ತೂತಿನಲ್ಲಿ ಒಂದೆರಡು ಕಾಳು ಹೋಗಬಹುದು, ಅಂಚಿನ ಸಂದಿಯಲ್ಲಿ ಎಲ್ಲವೂ ಹೋಗುತ್ತದೆ.

ಮೂರು ಪರೀಕ್ಷೆ ಮಾಡಿ. ಬಾಣದ ಗುರುತಿದ್ದರೆ ಎರಡೂ ಬಾಣ ಎದುರುಬದುರು ಬಂದಿವೆಯಾ ನೋಡಿ. ಹಿಡಿಕೆ ಹಿಡಿದು ಮೆಲ್ಲಗೆ ಮೇಲಕ್ಕೆ ಎಳೆಯಿರಿ, ಬರಬಾರದು. ಕೆಳಗಿನ ಸ್ಪ್ರೇ ಆರ್ಮ್ ಅನ್ನು ಬೆರಳಿನಿಂದ ತಳ್ಳಿ, ಎಲ್ಲೂ ತಾಗದೆ ಪೂರ್ತಿ ಸುತ್ತು ತಿರುಗಬೇಕು. ತಾಗಿದರೆ ಫಿಲ್ಟರ್ ಎತ್ತರದಲ್ಲಿ ನಿಂತಿದೆ ಅಂತ ಅರ್ಥ. ಮಷೀನ್ ಒಳಗೆ ಓಡುವಾಗ ಟಕ್ ಟಕ್ ಅಂತ ಒಂದೇ ಲಯದಲ್ಲಿ ಸದ್ದು ಬಂದರೆ ಅದೂ ಎಷ್ಟೋ ಸಲ ಇದೇ, ಇಲ್ಲವೇ ಕೆಳಗೆ ತೂರಿಕೊಂಡ ಸೌಟಿನ ಹಿಡಿ.

ಕೊನೆಗೆ ಪಾತ್ರೆ ಇಡದೆ ಒಂದು ಚಿಕ್ಕ ಪ್ರೋಗ್ರಾಂ ಓಡಿಸಿ.

ಹಳೆಯದು ತಿರುಗ್ತಾನೇ ಇಲ್ಲ. ಇಕ್ಕಳ ಹಾಕಲಾ?

ಇಕ್ಕಳ ಹಾಕಿದರೆ ಬರುವುದು ಹಿಡಿಕೆ ಮಾತ್ರ. ಬೋರ್ ನೀರಿನ ಮನೆಗಳಲ್ಲಿ ಉಪ್ಪು ಕಟ್ಟಿ ಹೀಗೆ ಹಿಡಿದುಕೊಳ್ಳುತ್ತದೆ. ನಿಂಬೆ ಉಪ್ಪು ಕರಗಿಸಿದ ಬಿಸಿನೀರನ್ನು ಫಿಲ್ಟರ್ ಸುತ್ತ ಸುರಿದು ಅರ್ಧ ಗಂಟೆ ಬಿಡಿ. ರಬ್ಬರ್ ಗ್ಲೌಸ್ ಹಾಕಿಕೊಂಡರೆ ಕೈ ಜಾರುವುದಿಲ್ಲ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಅಲುಗಿಸಿ. ಒಂದು ಸಲಕ್ಕೆ ಬರದಿದ್ದರೆ ಇನ್ನೊಂದು ಸಲ ನೆನೆಸಿ.

ಹೊಸ ಫಿಲ್ಟರ್ ಹಾಕಿದ ಮೇಲೂ ತಳದಲ್ಲಿ ನೀರು ನಿಲ್ಲುತ್ತಿದೆ.

ಫಿಲ್ಟರ್‌ನ ಗುಂಡಿಯಲ್ಲಿ ಸ್ವಲ್ಪ ನೀರು ಇರುವುದು ಸಹಜ. ಅದು ಗುಂಡಿ ದಾಟಿ ಸ್ಟೀಲ್ ತಳದ ಮೇಲೆಲ್ಲ ನಿಂತಿದ್ದರೆ ನೀರು ಹೊರಹೋಗುವ ದಾರಿ ಕಟ್ಟಿಕೊಂಡಿದೆ. ಹಳೆಯ ಫಿಲ್ಟರ್ ಹರಿದಿದ್ದ ದಿನಗಳಲ್ಲಿ ಏನೋ ಒಂದು ಡ್ರೈನ್ ಪಂಪ್‌ಗೆ ಹೋಗಿ ಕೂತಿರಬಹುದು.

ಡಿಸ್‌ಪ್ಲೇ ಇದ್ದರೆ ಅದೇ ಹೇಳುತ್ತದೆ. ಬಾಷ್‌ನ ಬಹಳಷ್ಟು ಮಾಡೆಲ್‌ಗಳಲ್ಲಿ ಇ24 ಬಂದರೆ ಕೊಳೆನೀರಿನ ಪೈಪ್ ಕಡೆ ನೋಡಬೇಕು, ಇ25 ಬಂದರೆ ಡ್ರೈನ್ ಪಂಪ್ ಕಡೆ. ಎಲ್‌ಜಿಯಲ್ಲಿ ನೀರು ಹೊರಹೋಗದಿದ್ದರೆ ಓಇ ಅಂತ ತೋರಿಸುತ್ತದೆ.

ಪ್ಲಗ್ ಕಿತ್ತು, ನೀರು ಹೀರಿಸಿ, ಗುಂಡಿಯ ಪಕ್ಕದ ಗೋಡೆಯಲ್ಲಿ ಪಂಪ್‌ನ ಚಿಕ್ಕ ಮುಚ್ಚಳ ಇದೆಯಾ ನೋಡಿ. ಬಾಷ್‌ನಲ್ಲಿ ಅದನ್ನು ಚಮಚದಿಂದ ಮೀಟಿ ತೆಗೆಯಬಹುದು. ಒಳಗಿನ ಚಿಕ್ಕ ಚಕ್ರವನ್ನು ಗ್ಲೌಸ್ ಹಾಕಿದ ಬೆರಳಿನಿಂದ ತಿರುಗಿಸಿ ನೋಡಿ. ಒಳಗೆ ಆಯಸ್ಕಾಂತ ಇರುವುದರಿಂದ ತಡೆದು ತಡೆದು ತಿರುಗುತ್ತದೆ, ಅದು ಸರಿಯೇ. ಅಲ್ಲಾಡದೇ ನಿಂತಿದ್ದರೆ ಏನೋ ಸಿಕ್ಕಿಕೊಂಡಿದೆ. ಮುಚ್ಚಳ ವಾಪಸ್ ಹಾಕುವಾಗ ಟಕ್ ಅನ್ನುವವರೆಗೆ ಒತ್ತಿ. ಅದು ಸಡಿಲವಿದ್ದರೂ ಎರರ್ ಬರುತ್ತದೆ. ಹಿಂದಿನ ಪೈಪ್ ಮಡಚಿಕೊಂಡಿದೆಯಾ ಅಂತಲೂ ಒಮ್ಮೆ ಬಗ್ಗಿ ನೋಡಿ.

ಬೋರ್‌ವೆಲ್ ನೀರು ಫಿಲ್ಟರ್ ಅನ್ನು ಬೇಗ ಹಾಳು ಮಾಡುತ್ತಾ?

ಮಾಡುತ್ತದೆ. ನಮ್ಮಲ್ಲಿ ಕಾವೇರಿ ನೀರು ಬರುವಾಗ ಜಾಲರಿ ತಿಂಗಳಾದರೂ ಮೆತ್ತಗಿರುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಶುರುವಾದರೆ ಎರಡೇ ವಾರಕ್ಕೆ ಒರಟು. ಉಪ್ಪು ಕಟ್ಟಿದ ಜಾಲರಿಯನ್ನು ಜನ ಜೋರಾಗಿ ಉಜ್ಜುತ್ತಾರೆ, ಹಾಗೆ ಉಜ್ಜಿಯೇ ಅದು ಹರಿಯುತ್ತದೆ.

ಅದಕ್ಕೇ ಡಿಶ್‌ವಾಷರ್ ಉಪ್ಪು ಇರುವುದು. ಮಷೀನ್ ಒಳಗೆ ನೀರನ್ನು ಮೆದು ಮಾಡುವ ರಾಳದ ಹರಳುಗಳಿವೆ. ಅವು ಸುಸ್ತಾದಾಗ ಈ ಉಪ್ಪುನೀರು ಅವನ್ನು ಮತ್ತೆ ಸರಿಮಾಡುತ್ತದೆ. ಅಡುಗೆ ಉಪ್ಪು ಹಾಕಬೇಡಿ. ಅದು ಪುಡಿ, ಕಟ್ಟಿಕೊಳ್ಳುತ್ತದೆ, ಅದರಲ್ಲಿ ಬೇರೆ ಸಾಮಗ್ರಿಯೂ ಸೇರಿರುತ್ತದೆ. ನೀರಿನ ಗಡಸುತನಕ್ಕೆ ತಕ್ಕ ಸೆಟ್ಟಿಂಗ್ ಕೂಡ ಮಾಡಬೇಕು, ಹೇಗೆ ಅಂತ ಮ್ಯಾನುಯಲ್‌ನಲ್ಲಿದೆ. ಉಪ್ಪು ತುಂಬುವಾಗ ಸ್ಟೀಲ್ ತಳಕ್ಕೆ ಚೆಲ್ಲುತ್ತದೆ. ಅದು ಹಾಗೇ ಉಳಿದರೆ ತುಕ್ಕಿಗೆ ದಾರಿ. ಹಾಗಾಗಿ ತುಂಬಿದ ಕೂಡಲೇ ಒಂದು ಪ್ರೋಗ್ರಾಂ ಓಡಿಸಿಬಿಡಿ.

ಉಪ್ಪಿನ ಡಬ್ಬಿಯ ಮುಚ್ಚಳ ಫಿಲ್ಟರ್ ಪಕ್ಕದಲ್ಲೇ ಇರುತ್ತದೆ, ಅದೂ ತಿರುಗಿಸಿಯೇ ತೆಗೆಯುವಂಥದ್ದು. ಮೂರನೇ ಮಹಡಿಯವರು ಅದಕ್ಕೆ ಡಿಟರ್ಜೆಂಟ್ ಪುಡಿ ಸುರಿದು, ನೀರು ಮೆದು ಮಾಡುವ ಭಾಗವನ್ನೇ ಹಾಳು ಮಾಡಿಕೊಂಡರು.

ಬೋರ್ ನೀರಿನಲ್ಲಿ ಮರಳೂ ಇರುತ್ತದೆ. ನೀರು ಒಳಬರುವ ಪೈಪ್ ನಲ್ಲಿಗೆ ಸೇರುವ ಕಡೆಯೋ, ಮಷೀನ್‌ಗೆ ಸೇರುವ ಕಡೆಯೋ ಬೆರಳುಗುರಿನಷ್ಟು ಇನ್ನೊಂದು ಜಾಲರಿ ಇರುತ್ತದೆ. ನೀರು ತುಂಬುವುದು ನಿಧಾನವಾದರೆ ಅದನ್ನೂ ತೊಳೆಯಿರಿ.

ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು? ಎಷ್ಟು ವರ್ಷಕ್ಕೆ ಬದಲಾಯಿಸಬೇಕು?

ಬದಲಾಯಿಸಲು ವರ್ಷದ ಲೆಕ್ಕ ಇಲ್ಲ. ಹರಿದರೆ, ಸೊಟ್ಟಗಾದರೆ, ಹಲ್ಲು ಮುರಿದರೆ ಬದಲಾಯಿಸಿ. ಇಲ್ಲದಿದ್ದರೆ ಹತ್ತು ವರ್ಷವಾದರೂ ಇರಲಿ.

ತೊಳೆಯುವುದು ನಿಮ್ಮ ಅಡುಗೆಯ ಮೇಲೆ. ದಿನಾ ಓಡಿಸುವ ಮನೆಯಲ್ಲಿ ವಾರಕ್ಕೊಮ್ಮೆ. ಮುದ್ದೆ ಮಾಡುವ ಮನೆಯಾದರೆ ವಾರಕ್ಕೆ ಎರಡು ಸಲ ಅನ್ನುತ್ತೇನೆ. ರಾಗಿ ಹಿಟ್ಟು ಬಿಸಿನೀರಿಗೆ ಗಂಜಿಯಾಗಿ ಜಾಲರಿಯ ಮೇಲೆ ಪೊರೆ ಕಟ್ಟುತ್ತದೆ. ಒಣಗಿದರೆ ಕಾಗದ ಅಂಟಿಸಿದ ಹಾಗೆ. ಅವರೆಕಾಯಿ ಸೀಸನ್‌ನಲ್ಲಿ ಕಾಳಿನ ಸಿಪ್ಪೆ ಒರಟು ಜಾಲರಿಗೆ ಮುಚ್ಚಳ ಹಾಕಿದಂತೆ ಕೂರುತ್ತದೆ. ನುಗ್ಗೆಕಾಯಿ ನಾರೂ ಕಡಿಮೆಯದ್ದಲ್ಲ.

ಹಾಗಾದರೆ ಪಾತ್ರೆ ಮೊದಲೇ ತೊಳೆದು ಇಡಬೇಕಾ? ಆಮೇಲೆ ಮಷೀನ್ ಯಾಕೆ?

ತೊಳೆಯಬೇಡಿ, ಕೆರೆದು ಇಡಿ. ಮುಸುರೆಯನ್ನು ಹಸಿ ಕಸಕ್ಕೆ ಹಾಕಿದರೆ ಸಾಕು. ಮುದ್ದೆ, ಇಡ್ಲಿ ಹಿಟ್ಟಿನ ಪಾತ್ರೆ ಮಾತ್ರ ಒಮ್ಮೆ ನೀರು ಬಿಟ್ಟು ಇಡಿ.

ಜಾಲರಿ ಮೇಲೆ ಬೂದು ಬಣ್ಣದ ಮಸಿ ಬರುತ್ತಿದೆ. ಕೈಗೂ ಅಂಟುತ್ತೆ.

ಅಲ್ಯೂಮಿನಿಯಂ ಅಥವಾ ಹಿಂಡಾಲಿಯಂ ಪಾತ್ರೆ ಹಾಕುತ್ತಿದ್ದೀರಿ, ಅಲ್ವಾ? ಡಿಶ್‌ವಾಷರ್ ಡಿಟರ್ಜೆಂಟ್‌ನ ಕ್ಷಾರಕ್ಕೆ ಅದು ಕಪ್ಪಾಗಿ ಮಸಿ ಬಿಡುತ್ತದೆ. ಫಿಲ್ಟರ್ ತಪ್ಪಲ್ಲ. ಆ ಪಾತ್ರೆ ಕೈಯಲ್ಲೇ ತೊಳೆಯಿರಿ, ಹಿತ್ತಾಳೆ, ತಾಮ್ರ, ಬೆಳ್ಳಿಯೂ ಅಷ್ಟೇ.

ಫಿಲ್ಟರ್‌ಗೆ ಬ್ಲೀಚ್ ಹಾಕಿ ನೆನೆಸಬಹುದಾ? ಬಾತ್‌ರೂಮ್ ಆ್ಯಸಿಡ್?

ಎರಡೂ ಬೇಡ. ಬ್ಲೀಚ್‌ನ ಕ್ಲೋರಿನ್ ಸ್ಟೀಲ್ ತಿನ್ನುತ್ತದೆ. ಆ್ಯಸಿಡ್ ಬಗ್ಗೆ ಹೇಳುವುದೇ ಬೇಡ.

ಮಗಳು ಅಮೆರಿಕದಲ್ಲಿದ್ದಾಳೆ. ಅವಳ ಬಾಡಿಗೆ ಮನೆಯ ಮಷೀನ್‌ನಲ್ಲಿ ತೆಗೆಯೋ ಫಿಲ್ಟರ್ರೇ ಇಲ್ಲವಂತೆ.

ಇರಬಹುದು. ಅಲ್ಲಿನ ಎಷ್ಟೋ ಹಳೆಯ ಮಷೀನ್‌ಗಳಲ್ಲಿ ಎಂಜಲನ್ನು ಅರೆದು ನೀರಿನ ಜೊತೆ ಹೊರಗೆ ಕಳಿಸುವ ವ್ಯವಸ್ಥೆ ಇತ್ತು. ತೊಳೆಯುವ ಕೆಲಸ ಇಲ್ಲ, ಆದರೆ ಸದ್ದು ಜಾಸ್ತಿ. ಈಗಿನವುಗಳಲ್ಲಿ ಹೆಚ್ಚಾಗಿ ನಮ್ಮಂತೆಯೇ ತೆಗೆದು ತೊಳೆಯುವ ಫಿಲ್ಟರ್. ಅಲ್ಲಿ ಕೆಲವು ಮಷೀನ್‌ಗಳಿಗೆ ಪ್ಲಗ್ ಇರುವುದಿಲ್ಲ, ವೈರ್ ನೇರವಾಗಿ ಗೋಡೆಗೆ ಹೋಗಿರುತ್ತದೆ. ಹಾಗಿದ್ದರೆ ಬ್ರೇಕರ್ ಆಫ್ ಮಾಡಿಯೇ ಕೈ ಹಾಕಲು ಹೇಳಿ. ಬಾಡಿಗೆ ಮನೆಯಾದ್ದರಿಂದ ಫಿಲ್ಟರ್ ಕೊಳ್ಳುವ ಮೊದಲು ಮನೆ ಮಾಲೀಕರಿಗೆ ಹೇಳುವುದು ಒಳ್ಳೆಯದು.

ಯಾವಾಗ ಸರ್ವೀಸ್‌ನವರನ್ನು ಕರೆಯಬೇಕು?

ಫಿಲ್ಟರ್ ಕೂರುವ ಗುಂಡಿಯ ಅಂಚೇ ಬಿರುಕು ಬಿಟ್ಟಿದ್ದರೆ. ಮಷೀನ್ ಕೆಳಗಿನಿಂದ ನೀರು ಸೋರುತ್ತಿದ್ದರೆ. ಪಂಪ್ ಒಳಗಿನಿಂದ ಗರಗರ ಅಂತ ಕಲ್ಲು ಅರೆದ ಸದ್ದು ಬರುತ್ತಿದ್ದರೆ. ಇವು ಮೂರಕ್ಕೂ ಮಷೀನ್ ಬಿಚ್ಚಬೇಕು. ಫಿಲ್ಟರ್ ತೆಗೆದು ಹಾಕುವುದನ್ನು ಕಂಪನಿಯ ಮ್ಯಾನುಯಲ್ಲೇ ಹೇಳಿಕೊಡುತ್ತದೆ, ಅದಕ್ಕೆ ವಿಸಿಟಿಂಗ್ ಚಾರ್ಜ್ ಕೊಡಬೇಕಾಗಿಲ್ಲ.

ಹಳೆಯ ಫಿಲ್ಟರ್ ಎಸೆಯಲು ಮನಸ್ಸು ಬರುತ್ತಿಲ್ಲ. ಸ್ಪೇರ್ ಅಂತ ಇಟ್ಟುಕೊಳ್ಳಲಾ?

ಚಪ್ಪಟೆ ಜಾಲರಿ ಚೆನ್ನಾಗಿದ್ದು ಸೆಟ್ ಕೊಂಡಿದ್ದರೆ ಅದನ್ನು ಇಟ್ಟುಕೊಳ್ಳಿ. ಹರಿದದ್ದನ್ನು ಮಾತ್ರ ಬೇಡ. ನಾನು ನಮ್ಮ ಮೊದಲ ಫಿಲ್ಟರ್ ಅನ್ನು ಸಿಂಕ್ ಕೆಳಗೆ ಇಟ್ಟಿದ್ದೆ. ಒಂದು ದಿನ ನಮ್ಮನೆಗೆ ಕೆಲಸಕ್ಕೆ ಬರುವ ಅಕ್ಕ ಹೊಸ ಫಿಲ್ಟರ್ ತೊಳೆದು ಒಣಗಲು ಕಿಟಕಿಯಲ್ಲಿ ಇಟ್ಟಿದ್ದಾರೆ. ಸಂಜೆ ಮಷೀನ್ ಹಾಕುವ ಹೊತ್ತಿಗೆ ಸಿಂಕ್ ಕೆಳಗಿನದು ಕಣ್ಣಿಗೆ ಬಿದ್ದಿದೆ. "ಇದು ಒಣಗಿದೆಯಲ್ಲ" ಅಂತ ಅದನ್ನೇ ಲಾಕ್ ಮಾಡಿ, ಓಡಿಸಿ, ಹೊರಟುಬಿಟ್ಟಿದ್ದಾರೆ. ಲಾಕ್ ಮಾತ್ರ ನನಗಿಂತ ಚೆನ್ನಾಗಿ ಮಾಡಿದ್ದರು. ನಾಲ್ಕು ದಿನ ಆದ ಮೇಲೆ ಕಿಟಕಿಯಲ್ಲಿ ಹೊಸ ಫಿಲ್ಟರ್ ನೋಡಿ ನನಗೆ ಗೊತ್ತಾಯಿತು. ಮತ್ತೆ ಸ್ಪ್ರೇ ಆರ್ಮ್ ಬಿಚ್ಚಿದೆ, ಮತ್ತೆ ಗಿಲಕಿ.

ಈಗ ಹರಿದ ಜಾಲರಿಯನ್ನು ಕತ್ತರಿಯಿಂದ ಉದ್ದಕ್ಕೂ ಸೀಳಿಯೇ ಒಣ ಕಸಕ್ಕೆ ಹಾಕುತ್ತೇನೆ.